ಬಣ್ಣಕ್ಕೆ ಮೊದಲು ಬಾಯ್ಲರ್ ನೋಡೋಣ: ಬೆಳಗಾವಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬಯಲಿನಲ್ಲಿ ನಿಂತಿರುವ ನ್ಯಾರೋಗೇಜ್ (ಕಿರಿದಾದ ಹಳಿಯ) ಉಗಿ ಎಂಜಿನ್ನಿಗೆ ಸ್ಯಾಂಡ್‌ಬ್ಲಾಸ್ಟಿಂಗ್ (ರಭಸವಾಗಿ ಮರಳು ಊದಿ ತುಕ್ಕು ಕೆರೆಯುವುದು) ಮಾಡಿಸಿ, ಬಣ್ಣ ಬಳಿಸಿ, ರಾಜ್ಯೋತ್ಸವದೊಳಗೆ ಉದ್ಯಾನದ ಕಟ್ಟೆಯ ಮೇಲೆ ನಿಲ್ಲಿಸುವ ತಯಾರಿ ನಡೆದಿದೆ. ಎಂಜಿನ್ ಉಳಿಯಬೇಕೆಂಬ ಕಾಳಜಿಗೆ, ಅದರ ದುರಸ್ತಿಗೆ ಮುಂದೆ ಬಂದಿರುವ ಸ್ವಯಂಸೇವಕರಾದ ನಾವು ಋಣಿಗಳು. ಆದರೆ ಬಣ್ಣ ಈ ಕೆಲಸದ ಕೊನೆಯ ಹಂತ. ಅದನ್ನೇ ಮೊದಲು ಮಾಡಿದರೆ ಹೊಳೆಯುವ ಬಣ್ಣದ ಕೆಳಗೆ ಎಂಜಿನ್ ಕರಗುತ್ತಾ ಹೋಗುತ್ತದೆ. ದಯವಿಟ್ಟು ಆ ಕೆಲಸದ ಟೆಂಡರನ್ನು ತಡೆಹಿಡಿಯಿರಿ.

ಎರಡೂವರೆ ಅಡಿಯ, ಅಂದರೆ 762 ಮಿ.ಮೀ. ಅಗಲದ ಹಳಿ ನಮ್ಮ ಗಡಿ ತಾಲೂಕುಗಳಿಗೆ ಅಪರಿಚಿತವಲ್ಲ. ಬಾರ್ಸಿ ಲೈಟ್ ರೈಲ್ವೆ 1927ರಲ್ಲಿ ಮಿರಜದವರೆಗೆ ಬಂದ ಮೇಲೆ, ಕಾಗವಾಡ, ಅಥಣಿ ಕಡೆಯಿಂದ ಮಿರಜಕ್ಕೆ ಹೋದವರಿಗೆ ಪಂಢರಪುರದ ಗಾಡಿ ಎಂದರೆ ಆ ಸಣ್ಣ ಗಾಡಿಯೇ. ಹಳಿ ಅಗಲವಾಗಿದೆ, ಗಾಡಿ ಹೋಗಿದೆ. ಅಂಥ ಹಳಿಯ ಎಂಜಿನ್ ಒಂದು ಕಣ್ಣೆದುರು ಉಳಿದಿರುವಾಗ ಅದನ್ನು ಬರೀ ತಗಡಿನ ಬೊಂಬೆ ಮಾಡಬಾರದು.

ನಿಂತ ಎಂಜಿನ್ನನ್ನು ತಿನ್ನುವುದು ಒಳಗೆ ಸಿಕ್ಕಿಬಿದ್ದ ನೀರು. ಚಿಮಣಿಯಿಂದ ಇಳಿದ ಮಳೆ ಬಾಯ್ಲರಿನ ಮುಂದಿರುವ ಹೊಗೆಪೆಟ್ಟಿಗೆಯ, ಅಂದರೆ ಸ್ಮೋಕ್‌ಬಾಕ್ಸಿನ, ತಳದಲ್ಲಿರುವ ಹಳೆಯ ಬೂದಿಯಲ್ಲಿ ನಿಲ್ಲುತ್ತದೆ. ಕಲ್ಲಿದ್ದಲಿನ ಗಂಧಕ ಸೇರಿ ಅದು ಆಮ್ಲವಾಗುತ್ತದೆ. ತಳದ ತಗಡು ಅಲ್ಲಿಂದಲೇ ತೂತು ಬೀಳುತ್ತದೆ. ಬೂದಿತಟ್ಟೆಯದೂ ಇದೇ ಕತೆ. ಬಾಯ್ಲರಿನ ಮೇಲಿನ ತೆಳು ತಗಡಿನ ಅಡಿಯಲ್ಲಿ ಶಾಖ ಹಿಡಿದಿಡುವ ಹೊದಿಕೆ ಇರುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ ಆಸ್ಬೆಸ್ಟಾಸ್. ಒಮ್ಮೆ ನೆನೆದರೆ ಒದ್ದೆ ಗೋಣಿಚೀಲದಂತೆ ತಿಂಗಳುಗಟ್ಟಲೆ ಬಾಯ್ಲರಿಗೆ ಅಂಟಿಕೊಂಡಿರುತ್ತದೆ. ಮೇಲಿನಿಂದ ಬಣ್ಣ ಬಳಿದರೆ ಆ ತೇವ ಹೊರಬರುವ ದಾರಿಯೂ ಮುಚ್ಚುತ್ತದೆ. ಇದನ್ನು ನೀರು ಚಿಮುಕಿಸಿ, ಸರಿಯಾದ ಮಾಸ್ಕ್ ಹಾಕಿಕೊಂಡು ತೆಗೆದು, ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯವಾಗಿ ಸಾಗಿಸಬೇಕು. ಅರಿವಿಲ್ಲದ ಕೂಲಿಕಾರರು ಒಣಗಿದ ಹೊದಿಕೆಯನ್ನು ಕೈಯಿಂದ ಕೀಳುವಂತಾದರೆ, ಆ ಧೂಳು ಅವರ ಶ್ವಾಸಕೋಶದಲ್ಲಿ ಜೀವನಪೂರ್ತಿ ಉಳಿಯುತ್ತದೆ. ಟೆಂಡರಿನಲ್ಲಿ ಈ ಮಾತೇ ಇಲ್ಲದಿರುವುದು ನಮ್ಮ ದೊಡ್ಡ ಆತಂಕ.

ಸ್ಯಾಂಡ್‌ಬ್ಲಾಸ್ಟಿಂಗಿನ ಮರಳು ರಾಡುಗಳ ನುಣುಪು ಮೈಯನ್ನು ಒರಟು ಮಾಡುತ್ತದೆ, ಎಣ್ಣೆ ರಂಧ್ರಗಳಿಂದ ಬೇರಿಂಗಿಗೆ ಇಳಿದು ಅದನ್ನೂ ಕೆಡಿಸುತ್ತದೆ. ಚಲಿಸುವ ಭಾಗಗಳನ್ನು ಡೀಸೆಲ್, ಬ್ರಷ್, ಬಟ್ಟೆಯಿಂದಲೇ ತೊಳೆಯಬೇಕು. ಚಕ್ರ ಉರುಳದಿರಲಿ ಎಂದು ಹಳಿಗೆ ವೆಲ್ಡಿಂಗ್ ಮಾಡಿಸುವುದೂ ಬೇಡ. ಮರದ ಒಡ್ಡುಗಳು ಸಾಕು.

ಸಾಗಿಸುವಾಗ ಆಗುವ ಹಾನಿ ಇನ್ನೂ ಹೆಚ್ಚು. ಸಿಲಿಂಡರಿನೊಳಗೆ ಪಿಸ್ಟನ್ ರಿಂಗುಗಳು ತುಕ್ಕಿಗೆ ಕಚ್ಚಿಕೊಂಡಿರುತ್ತವೆ. ಜೆಸಿಬಿ ಕಟ್ಟಿ ಎಳೆದರೆ ರಿಂಗ್ ಮುರಿಯುತ್ತದೆ, ಇಲ್ಲವೇ ರಾಡ್ ಬಾಗುತ್ತದೆ. ಮೊದಲು ಸಿಲಿಂಡರಿಗೆ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಸುರಿದು ಕೆಲವು ವಾರ ನೆನೆಯಬಿಡಬೇಕು. ಸಾಗಿಸುವ ದಿನ ಪಿಸ್ಟನ್ನಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಕನೆಕ್ಟಿಂಗ್ ರಾಡುಗಳನ್ನು ಕಳಚಿ, ಚಕ್ರದ ಅಚ್ಚು ಕೂರುವ ಆಕ್ಸಲ್‌ಬಾಕ್ಸುಗಳಿಗೆ ಹೊಸ ಎಣ್ಣೆ ಹಾಕಿರಬೇಕು. ಕ್ರೇನಿನ ಹಗ್ಗವನ್ನು ಚೌಕಟ್ಟಿಗೆ ಕಟ್ಟಬೇಕು, ಬಾಯ್ಲರಿಗೆ ಎಂದೂ ಕಟ್ಟಬಾರದು.

ಇನ್ನು ಬಾಯ್ಲರ್. ಉಗಿ ಹತ್ತಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಒಳಗೆ ನೋಡದೆ ಯಾರೂ ಹೌದು ಎನ್ನಬಾರದು. ಪ್ರತಿ ಚದರ ಇಂಚಿಗೆ 160 ಪೌಂಡ್ ಒತ್ತಡದಲ್ಲಿ ಬಾಯ್ಲರಿನ ನೀರು ಸುಮಾರು 188 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ತಗಡು ಬಿರಿದರೆ ಅದರ ಒಂದು ಪಾಲು ಕ್ಷಣದಲ್ಲೇ ಉಗಿಯಾಗುತ್ತದೆ; ಹೊರಗಿನ ಗಾಳಿಯಲ್ಲಿ ಒಂದು ಲೀಟರ್ ನೀರು 1,600 ಲೀಟರಿಗೂ ಹೆಚ್ಚು ಉಗಿ. ಆದ್ದರಿಂದ ಬಾಯ್ಲರ್ ತೊಳೆಯಲೆಂದು ಇರುವ ಬಿರಡೆಗಳನ್ನು, ಅಂದರೆ ವಾಶ್‌ಔಟ್ ಪ್ಲಗ್‌ಗಳನ್ನು, ಬಿಚ್ಚಿ, ಕೆಸರು ತೊಳೆದು, ಬಿಸಿ ಹೊಗೆ ಹಾಯುವ ಟ್ಯೂಬುಗಳನ್ನೆಲ್ಲ ಹೊರತೆಗೆಯಬೇಕು. ತಗಡಿನ ದಪ್ಪವನ್ನು ಅಲ್ಟ್ರಾಸೋನಿಕ್ ಗೇಜಿನಿಂದ ಗೇಣು ಗೇಣಿಗೊಂದರಂತೆ ಅಳೆದು ನಕ್ಷೆ ಬರೆಯಬೇಕು. ಬೆಂಕಿ ಉರಿಯುವ ಫೈರ್‌ಬಾಕ್ಸಿನ ಒಳಗೋಡೆ, ಹೊರಗೋಡೆಗಳನ್ನು ಹಿಡಿದಿಟ್ಟಿರುವ ಸರಳುಗಳನ್ನು, ಅಂದರೆ ಸ್ಟೇಗಳನ್ನು, ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ ನೋಡಬೇಕು: ಗಟ್ಟಿಯಾದದ್ದು ಗಂಟೆಯಂತೆ ಕೇಳುತ್ತದೆ, ತುಂಡಾದದ್ದು ಮಂಕಾಗಿ. ಫೈರ್‌ಬಾಕ್ಸಿನ ನೆತ್ತಿಯಲ್ಲಿರುವ ಫ್ಯೂಸಿಬಲ್ ಪ್ಲಗ್ಗಿನ ಸೀಸ 327 ಡಿಗ್ರಿಗೆ ಕರಗಿ, ನೀರು ತಗ್ಗಿದಾಗ ಎಚ್ಚರಿಸುತ್ತದೆ. ಅದರ ಮೇಲೆ ಸುಣ್ಣದ ಪದರ ಕಟ್ಟಿದ್ದರೆ ಆ ಎಚ್ಚರಿಕೆಯನ್ನು ನಂಬುವಂತಿಲ್ಲ. ಇದೇ ಕಾರಣಕ್ಕೆ ನಮ್ಮ ಗಡಸು ಬೋರ್‌ವೆಲ್ ನೀರು ಈ ಬಾಯ್ಲರಿಗೆ ಬೇಡ. ಎಂಜಿನ್ನಿಗಾಗಿ ನಾವು ಕೇಳುತ್ತಿರುವ ಶೆಡ್ಡಿನ ಮೇಲೆ ಬೀಳುವ ಮಳೆನೀರನ್ನೇ ಟಾಕಿಯಲ್ಲಿ ಹಿಡಿದಿಡಬಹುದು.

ಇಲ್ಲಿ ಸರ್ಕಾರದ ಪಾತ್ರ ನೇರವಾಗಿದೆ. 1923ರ ಬಾಯ್ಲರ್ ಕಾಯ್ದೆ ರೈಲ್ವೆಯ ಅಧೀನದ ಎಂಜಿನ್ ಬಾಯ್ಲರುಗಳಿಗೆ ಅನ್ವಯಿಸುತ್ತಿರಲಿಲ್ಲ. ಈಗ ಅದರ ಜಾಗದಲ್ಲಿ 2025ರ ಕಾಯ್ದೆಯಿದೆ. ಈ ಎಂಜಿನ್ ರೈಲ್ವೆಯ ಕೈಯಲ್ಲಿಲ್ಲ. ಹಾಗಾಗಿ ತಪಾಸಣೆಯ ಹೊಣೆ ರಾಜ್ಯದ ಬಾಯ್ಲರ್ ಇಲಾಖೆಗೆ ಬರುತ್ತದೆ. ನಾವು ಬಿಚ್ಚುವ ಮೊದಲು, ಟ್ಯೂಬ್ ತೆಗೆದ ಮೇಲೆ, ನೀರಿನ ಒತ್ತಡದ ಪರೀಕ್ಷೆಯ ದಿನ, ಹೀಗೆ ಮೂರು ಸಲ ಇನ್‌ಸ್ಪೆಕ್ಟರ್ ಬಂದು ನೋಡಲಿ. ಬಾಯ್ಲರ್ ಕೈಲಾಗದು ಎಂದು ಅವರು ಬರೆದುಕೊಟ್ಟರೆ ನಾವು ಒಪ್ಪುತ್ತೇವೆ. ಆಗಲೂ ದಾರಿಯಿದೆ: ಚಕ್ರಗಳನ್ನು ಹಳಿಯಿಂದ ಎತ್ತಿ ನಿಲ್ಲಿಸಿ, ಕಂಪ್ರೆಸರಿನ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ನೇರ ಸಿಲಿಂಡರಿಗೆ ಕೊಟ್ಟರೆ ರಾಡುಗಳು ತಿರುಗುವುದನ್ನು ಶಾಲೆ ಮಕ್ಕಳು ನೋಡಬಹುದು. ಆ ಗಾಳಿಯನ್ನು ಬಾಯ್ಲರಿಗೆ ಮಾತ್ರ ತುಂಬಬಾರದು.

ಬಿಡಿಭಾಗಗಳಿಗೆ ದೂರ ಹೋಗಬೇಕಿಲ್ಲ. ಒಲೆಯ ಸರಳು, ಬ್ರೇಕ್ ಬ್ಲಾಕ್, ಪಿಸ್ಟನ್ ರಿಂಗುಗಳನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಗಳೇ ಎರಕ ಹೊಯ್ದು ಕೊಡಬಲ್ಲವು. ಮುರಿದ ಭಾಗವನ್ನೇ ಅಚ್ಚಾಗಿ ಇಟ್ಟರೆ ಸಣ್ಣದಾಗುತ್ತದೆ, ಏಕೆಂದರೆ ಬೀಡು (ಎರಕದ ಕಬ್ಬಿಣ) ಆರುವಾಗ ಮೀಟರಿಗೆ ಸುಮಾರು 10 ಮಿ.ಮೀ. ಕುಗ್ಗುತ್ತದೆ. ಹಾಗಾಗಿ ಅಷ್ಟು ದೊಡ್ಡದಾದ ಮರದ ಪ್ಯಾಟರ್ನ್ (ಅಚ್ಚಿನ ಮಾದರಿ) ಮಾಡಿಸಬೇಕು. ಬ್ರಿಟಿಷ್ ಅಳತೆಯ ವಿಟ್‌ವರ್ತ್ ಬೋಲ್ಟಿನ ಎಳೆಯ ಕೋನ 55 ಡಿಗ್ರಿ, ಪೇಟೆಯ ಮೆಟ್ರಿಕ್ ಬೋಲ್ಟಿನದು 60. ಬಲವಂತವಾಗಿ ತಿರುಗಿಸಿದರೆ ಎರಡೂ ಹಾಳು. ಉಗಿ ಕಾಲದಲ್ಲಿ ಕೆಲಸ ಕಲಿತ ರೈಲ್ವೆ ಫಿಟ್ಟರುಗಳು ಈಗ ವೃದ್ಧರು. ಟ್ಯೂಬಿನ ತುದಿಯನ್ನು ಹಿಗ್ಗಿಸಿ ಮಡಚುವ ಕೈಚಳಕವನ್ನು ಅವರಿಂದ ಐಟಿಐ ಹುಡುಗರಿಗೆ ದಾಟಿಸಲು ಹೆಚ್ಚು ವರ್ಷಗಳಿಲ್ಲ.

ನಿಮ್ಮಿಂದ ಬೇಕಾದದ್ದು ಒಂದು ಶೆಡ್: 12 ಮೀಟರ್ ಉದ್ದ, 6 ಮೀಟರ್ ಅಗಲ, ಹಳಿಗಳ ನಡುವೆ ಒಂದು ಮೀಟರ್ ಆಳದ ಗುಂಡಿ, ಬೀಗವಿರುವ ಕೋಣೆ. ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರ್, ಸೀಟಿ, ಹಿತ್ತಾಳೆಯ ವಾಲ್ವುಗಳನ್ನು ಬೇಗನೆ ಬಿಚ್ಚಿ ಚೀಟಿ ಕಟ್ಟಿ ಆ ಕೋಣೆಯಲ್ಲಿಡದಿದ್ದರೆ ಗುಜರಿಗೆ ಹೋಗುತ್ತವೆ. ಜೊತೆಗೆ ಹುಬ್ಬಳ್ಳಿಯ ನೈರುತ್ಯ ರೈಲ್ವೆಗೆ ಹಳೆಯ ನಕ್ಷೆಗಳ ಪ್ರತಿ ಕೋರಿ ನಿಮ್ಮ ಸಹಿಯ ಒಂದು ಪತ್ರ ಬೇಕು. ನಮ್ಮ ದುಡಿಮೆಗೆ ಸಂಬಳ ಬೇಡ.

ಶೆಡ್ ಏಳುವವರೆಗೆ ಕಾಯಬೇಕಿಲ್ಲದ ಕೆಲಸವೂ ಇದೆ: ಚಿಮಣಿಗೊಂದು ತಗಡಿನ ಮುಚ್ಚಳ ಹಾಕಿ, ಸ್ಮೋಕ್‌ಬಾಕ್ಸಿನ ಬೂದಿ ಬಾಚಿ, ವಾಶ್‌ಔಟ್ ಪ್ಲಗ್‌ಗಳನ್ನು ತೆಗೆದು ಗಾಳಿಯಾಡಲು ಬಿಡುವುದು. ನಾಲ್ವರಿಗೆ ಒಂದು ದಿನದ ಕೆಲಸ. ಅನುಮತಿ ಬಂದ ಮರುದಿನವೇ ಬರುತ್ತೇವೆ.

ಇಂತಿ,
ಎಂಜಿನ್ ದುರಸ್ತಿಗೆ ಮುಂದೆ ಬಂದಿರುವ ಸ್ವಯಂಸೇವಕರು
ಬೆಳಗಾವಿ