‘ಬಿಡಿಭಾಗ’ ಎಂದು ಬರೆದರೆ ಸಾಲದು

ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗಳ ಮೇಲೆ ‘ಬಿಡಿಭಾಗ’, ‘ಸೌಂದರ್ಯವರ್ಧಕ’ ಎಂದಷ್ಟೇ ಬರೆದು ಅಪಾಯಕಾರಿ ವಸ್ತುಗಳನ್ನು ಕಳುಹಿಸುತ್ತಿರುವುದು ಆತಂಕದ ಸಂಗತಿ. ವಸ್ತುವು ಅಪಾಯಕಾರಿ ವಸ್ತುಗಳ ಒಂಬತ್ತು ವರ್ಗಗಳಲ್ಲಿ ಯಾವುದಕ್ಕೆ ಸೇರುತ್ತದೆಂದು ಗುರುತಿಸಿ ಘೋಷಿಸುವ ಹೊಣೆ ಕಳುಹಿಸುವವರದೇ. ಸರಕು ಸ್ವೀಕರಿಸುವ ಸಿಬ್ಬಂದಿಯ ಕಣ್ಣಿಗೆ ಬೀಳುವುದು ಮುಚ್ಚಿದ ಪೆಟ್ಟಿಗೆ ಮಾತ್ರ.

ಲಿಥಿಯಂ ಅಯಾನ್ ಬ್ಯಾಟರಿಯನ್ನೇ ನೋಡಿ. ಬಿಡಿಯಾಗಿದ್ದರೆ ಅಪಾಯಕಾರಿ ಸರಕನ್ನು ಗುರುತಿಸುವ ಅದರ ವಿಶ್ವಸಂಸ್ಥೆಯ ಸಂಖ್ಯೆ ಯುಎನ್ 3480; ಉಪಕರಣದೊಳಗೆ ಅಥವಾ ಅದರ ಜೊತೆಗಿದ್ದರೆ ಯುಎನ್ 3481. ಈ ಒಂದಂಕಿಯ ವ್ಯತ್ಯಾಸ ಸಣ್ಣದಲ್ಲ. 3480ನ್ನು 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವುದನ್ನು ನಿಷೇಧಿಸಲಾಗಿದೆ. ಸರಕು ವಿಮಾನದಲ್ಲೂ ಚಾರ್ಜ್ ಶೇ 30 ಮೀರುವಂತಿಲ್ಲ. ಒಂದು ಸೆಲ್ ಶಾರ್ಟ್ ಆಗಿ ಕಾದರೆ ಆ ಶಾಖ ಪಕ್ಕದ ಸೆಲ್‌ಗಳನ್ನೂ ಹೊತ್ತಿಸುತ್ತದೆ. ಸರಕು ಕೋಣೆಯಲ್ಲಿ ಬೆಂಕಿ ನಂದಿಸಲು ಇರುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸಬಹುದು, ಈ ಸರಣಿಯನ್ನಲ್ಲ. ಮದ್ಯಸಾರವಿರುವ ಸುಗಂಧದ್ರವ್ಯವೂ 3ನೇ ವರ್ಗದ ದಹನಶೀಲ ದ್ರವ ಎಂಬುದು ಎಷ್ಟೋ ಮಾರಾಟಗಾರರಿಗೆ ತಿಳಿದೇ ಇಲ್ಲ.

ವಸ್ತುವಿನ ಅಪಾಯಗಳನ್ನು ವಿವರಿಸಿ ತಯಾರಕರು ನೀಡುವ ಸುರಕ್ಷತಾ ದತ್ತಾಂಶ ಪತ್ರದ 14ನೇ ವಿಭಾಗದಲ್ಲಿ ಸಾಗಣೆಯ ವಿವರ ಇರುತ್ತದೆ. ಬ್ಯಾಟರಿ, ದ್ರವ, ಸ್ಪ್ರೇ, ರಾಸಾಯನಿಕಗಳ ಬುಕಿಂಗ್ ಸಮಯದಲ್ಲೇ ಕೊರಿಯರ್ ಸಂಸ್ಥೆಗಳು ಈ ಪತ್ರವನ್ನು ಕಡ್ಡಾಯವಾಗಿ ಕೇಳಿ ಪರಿಶೀಲಿಸಬೇಕು. ಅದಿಲ್ಲದ ಪಾರ್ಸೆಲ್‌ಗಳನ್ನು ವಿಮಾನಕ್ಕೆ ಸ್ವೀಕರಿಸಬಾರದು.