ಬೈಪಾಸ್‌ನ ಉರಿಯೂತಕ್ಕೆ ಪಂಪ್ ಒಂದೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ಹೃದಯ ಶಸ್ತ್ರಚಿಕಿತ್ಸೆಯ ವೇಳೆ ಹೃದಯ, ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸುವುದೇ ಬೈಪಾಸ್. ಆ ಯಂತ್ರದಲ್ಲಿ ರಕ್ತ ತಳ್ಳಲು ರೋಲರ್ ಪಂಪ್ ಬಿಟ್ಟು ಸೆಂಟ್ರಿಫ್ಯೂಗಲ್ ಪಂಪ್ ಬಳಸಿದರೆ ಮೈಯಲ್ಲಿ ಉರಿಯೂತ ಏಳುವುದಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ಹಾಗೆಯೇ ನಂಬುವುದು ಸರಿಯಲ್ಲ.

ರೋಲರ್ ಪಂಪ್‌ನಲ್ಲಿ ಎರಡು ಉರುಳೆಗಳು ಕೊಳವೆಯನ್ನು ಒತ್ತುತ್ತಾ ರಕ್ತವನ್ನು ತಳ್ಳುತ್ತವೆ. ಒತ್ತು ಬಿಗಿಯಾದರೆ ಕೆಂಪು ರಕ್ತಕಣ ಒಡೆಯುತ್ತದೆ, ಕೊಳವೆಯ ಒಳಮೈಯಿಂದ ಸಣ್ಣ ಚೂರುಗಳು ಉದುರುತ್ತವೆ. ಸಡಿಲವಾದರೆ ರಕ್ತ ಹಿಂದಕ್ಕೆ ಸೋರಿ, ಪರದೆಯ ಮೇಲೆ ಕಾಣುವಷ್ಟು ಹರಿವು ರೋಗಿಗೆ ತಲುಪುವುದಿಲ್ಲ. ಆದ್ದರಿಂದ ಹೊರಹೋಗುವ ಕೊಳವೆಯನ್ನು ನೆಟ್ಟಗೆ ಎತ್ತಿ ಹಿಡಿದು, ಒಂದು ಮೀಟರ್ ಎತ್ತರದ ದ್ರವ ನಿಮಿಷಕ್ಕೆ ಸುಮಾರು 2.5 ಸೆಂ.ಮೀ. ಮಾತ್ರ ಇಳಿಯುವಂತೆ ಹೊಂದಿಸಬೇಕು. ಎರಡೂ ಉರುಳೆಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಸರಿಯಾಗಿ ಹೊಂದಿಸಿದ ರೋಲರ್ ಪಂಪ್ ಸಾಮಾನ್ಯ ಅವಧಿಯ ಬೈಪಾಸ್‌ಗೆ ಕೆಟ್ಟ ಆಯ್ಕೆಯೇನಲ್ಲ.

ಸೆಂಟ್ರಿಫ್ಯೂಗಲ್ ಪಂಪ್ ರಕ್ತವನ್ನು ತಿರುಗುವ ಬಲದಿಂದ ತಳ್ಳುತ್ತದೆ, ಕೊಳವೆಯನ್ನು ಹಿಂಡುವುದಿಲ್ಲ. ಹೆಚ್ಚು ಹೊತ್ತು ಓಡಿಸಬೇಕಾದಾಗ ಈ ಗುಣ ಉಪಯೋಗಕ್ಕೆ ಬರುತ್ತದೆ. ಆದರೆ ರೋಗಿಯ ರಕ್ತದೊತ್ತಡ ಏರಿದರೆ ಅದೇ ವೇಗದಲ್ಲೂ ಹರಿವು ಇಳಿಯುವುದರಿಂದ ಹರಿವು ಅಳೆಯುವ ಫ್ಲೋ ಮೀಟರ್ ಬೇಕೇ ಬೇಕು. ಪಂಪ್ ನಿಲ್ಲಿಸುವ ಮುನ್ನ, ರೋಗಿಗೆ ರಕ್ತ ಒಯ್ಯುವ ಧಮನಿ ಲೈನ್‌ಗೆ ಕ್ಲ್ಯಾಂಪ್ ಹಾಕದಿದ್ದರೆ ಮಹಾಪಧಮನಿಯಿಂದ ರಕ್ತ ಹಿಮ್ಮುಖವಾಗಿ ಹರಿಯುತ್ತದೆ.

ಇನ್ನು ಉರಿಯೂತ. ಪ್ಲಾಸ್ಟಿಕ್ ಕೊಳವೆ, ರಕ್ತಕ್ಕೆ ಆಮ್ಲಜನಕ ಸೇರಿಸುವ ಆಕ್ಸಿಜನೇಟರ್‌ಗಳ ಮೇಲ್ಮೈ ಸೋಕುತ್ತಿದ್ದಂತೆ ರಕ್ತದ ರಕ್ಷಣಾ ಪ್ರೋಟೀನ್‌ಗಳಾದ ಕಾಂಪ್ಲಿಮೆಂಟ್ ಸಕ್ರಿಯವಾಗುತ್ತವೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕೆರಳುತ್ತವೆ, ಉರಿಯೂತದ ಸಂಕೇತ ಪ್ರೋಟೀನ್‌ಗಳಾದ ಐಎಲ್-6, ಐಎಲ್-8 ಏರುತ್ತವೆ. ಶಸ್ತ್ರಚಿಕಿತ್ಸೆಗಾಗಿ ಮಹಾಪಧಮನಿಗೆ ಹಾಕಿದ್ದ ಕ್ಲ್ಯಾಂಪ್ ತೆಗೆದು ಹೃದಯಕ್ಕೆ ರಕ್ತ ಮರಳಿದಾಗ ಇನ್ನೊಂದು ಸುತ್ತು. ಕೊನೆಗೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಹೆಪಾರಿನ್ನಿನ ಪ್ರಭಾವ ಇಳಿಸಲು ಪ್ರೋಟಮೈನ್ ಕೊಟ್ಟಾಗ ಕಾಂಪ್ಲಿಮೆಂಟ್ ಮತ್ತೆ ಸಕ್ರಿಯ. ಯಾವ ಪಂಪ್ ಇಟ್ಟರೂ ಇವು ತಪ್ಪುವುದಿಲ್ಲ. ಎರಡೂ ಪಂಪ್‌ಗಳನ್ನು ಹೋಲಿಸಿದ ಅಧ್ಯಯನಗಳ ಫಲಿತಾಂಶವೂ ಒಂದೇ ದಿಕ್ಕಿನಲ್ಲಿಲ್ಲ.

ನಿಜವಾಗಿ ಗಮನ ಕೊಡಬೇಕಾದದ್ದು ಸಕ್ಷನ್ ಕಡೆಗೆ, ಅಂದರೆ ಎದೆಯಲ್ಲಿ ಸೇರಿದ ರಕ್ತವನ್ನು ಸಕ್ಕರ್ ಕೊಳವೆಯಿಂದ ಹೀರಿ ತೆಗೆಯುವುದರ ಕಡೆಗೆ. ಎದೆಯಲ್ಲಿ ನಿಂತ ರಕ್ತ ಗಾಳಿ, ಕೊಬ್ಬು, ಗಾಯಗೊಂಡ ಅಂಗಾಂಶಗಳ ಜೊತೆ ಬೆರೆತಿರುತ್ತದೆ. ಸಕ್ಕರ್ ಜೋರಾಗಿ ಓಡಿಸಿ ನೊರೆಯೆದ್ದ ಆ ರಕ್ತವನ್ನು ನೇರ ಯಂತ್ರದ ರಕ್ತ ಸಂಗ್ರಹ ಪಾತ್ರೆಗೆ (ರಿಸರ್ವಾಯರ್) ಬಿಟ್ಟರೆ, ಒಳ್ಳೆಯ ಪಂಪ್‌ನಿಂದ ಉಳಿಸಿಕೊಂಡದ್ದೆಲ್ಲ ಅಲ್ಲೇ ಹೋಗುತ್ತದೆ. ಸಕ್ಕರ್ ನಿಧಾನವಾಗಿ, ರಕ್ತ ಇದ್ದಾಗ ಮಾತ್ರ ಓಡಬೇಕು. ಹೆಚ್ಚು ರಕ್ತ ಸೇರಿದ್ದರೆ ಸೆಲ್ ಸೇವರ್ ಎಂಬ ಯಂತ್ರದಲ್ಲಿ ತೊಳೆದು ರೋಗಿಗೆ ಮರಳಿ ಕೊಡಬಹುದು. ಆದರೆ ತೊಳೆದಾಗ ಪ್ಲೇಟ್‌ಲೆಟ್‌ಗಳೂ ಹೆಪ್ಪುಗಟ್ಟಿಸುವ ಅಂಶಗಳೂ ಹೋಗುವುದರಿಂದ ಪ್ರಮಾಣ ನೋಡಿಕೊಳ್ಳಬೇಕು. ಕೊಳವೆ ಗಿಡ್ಡವಾಗಿರಲಿ, ಒಳಮೈಗೆ ಹೆಪಾರಿನ್ ಲೇಪನವಿರಲಿ, ಕೊಳವೆಗಳಲ್ಲಿ ಮೊದಲೇ ತುಂಬುವ ಪ್ರೈಮಿಂಗ್ ದ್ರವ ಕಡಿಮೆಯಿರಲಿ.

ಹೊಸ ಪಂಪ್‌ಗೆ ಹಣ ತೆಗೆದಿಡುವ ಆಸ್ಪತ್ರೆಗಳು ಲೇಪಿತ ಸರ್ಕ್ಯೂಟ್‌ಗೂ ಸೆಲ್ ಸೇವರ್‌ಗೂ ಅದೇ ಪಟ್ಟಿಯಲ್ಲಿ ಜಾಗ ಕೊಡಬೇಕೆಂದು ಕೋರುತ್ತೇವೆ.

— ಪರ್ಫ್ಯೂಷನಿಸ್ಟರು (ಬೈಪಾಸ್ ಯಂತ್ರ ನಡೆಸುವವರು)