ಬೈಂಡ್ ಹಾಕಿದ ಆ ಬಣ್ಣದ ಹಾಳೆಗಳು

ಮಾನ್ಯ ಸಂಪಾದಕರೇ,

ಶಾಲೆಯಲ್ಲಿದ್ದಾಗ ಪುಸ್ತಕಕ್ಕೆ ಬೈಂಡ್ ಹಾಕಲು ನಮಗೆ ಸೋವಿಯತ್ ಒಕ್ಕೂಟದ ಪ್ರಚಾರ ಪತ್ರಿಕೆ ‘ಸೋವಿಯತ್ ಲ್ಯಾಂಡ್’ನ ಹಾಳೆಗಳೇ ಬೇಕಿತ್ತು. ನುಣುಪು ಕಾಗದ, ಟ್ರ್ಯಾಕ್ಟರ್ ಮೇಲೆ ನಗುವ ಹೆಂಗಸು, ಅಂಚಿನ ತನಕ ಗೋಧಿ ಹೊಲ. ಅದು ಕನ್ನಡದಲ್ಲೂ ಬರುತ್ತಿತ್ತು.

ಅದಕ್ಕೊಬ್ಬ ಹಿರಿಯಣ್ಣ ಇದ್ದ ಅಂತ ನನಗೆ ಗೊತ್ತಾಗಿದ್ದು ಈಚೆಗೆ. 1930ರಲ್ಲಿ ಸಾಹಿತಿ ಮಾಕ್ಸಿಂ ಗಾರ್ಕಿ ಮುತುವರ್ಜಿಯಿಂದ ಮಾಸ್ಕೋದಲ್ಲಿ ಶುರುವಾದ ‘ಯುಎಸ್‌ಎಸ್‌ಆರ್ ಇನ್ ಕನ್‌ಸ್ಟ್ರಕ್ಷನ್’ ಪತ್ರಿಕೆ. ರಷ್ಯನ್, ಇಂಗ್ಲಿಷ್, ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಅಚ್ಚಾಗುತ್ತಿತ್ತು. ಮಾತು ಕಡಿಮೆ, ಫೋಟೊ ಜಾಸ್ತಿ. ಲಿಸಿಟ್‌ಸ್ಕಿ, ರಾಡ್‌ಚೆಂಕೊ ಅಂಥ ಹೆಸರಾಂತ ಕಲಾವಿದರು ಪುಟ ಕಟ್ಟುತ್ತಿದ್ದರು. ಅವರ ಕೈಚಳಕಕ್ಕೆ ಈಗಲೂ ಕಣ್ಣು ಸೋಲುತ್ತದೆ.

ಆದರೆ 1933ರ ಡಿಸೆಂಬರ್ ಸಂಚಿಕೆ ನೋಡಿ ನಿದ್ದೆ ಬರಲಿಲ್ಲ. ಅದು ಪೂರ್ತಿ ರಷ್ಯಾದ ಉತ್ತರದಲ್ಲಿರುವ ಬಿಳಿ ಸಮುದ್ರದ ಕಾಲುವೆಯ ಬಗ್ಗೆ. 227 ಕಿ.ಮೀ. ಉದ್ದದ ಆ ಕಾಲುವೆಯನ್ನು 20 ತಿಂಗಳಲ್ಲಿ ತೋಡಿದ್ದು ಕೈದಿಗಳು. ಗುದ್ದಲಿ, ಮರದ ತಳ್ಳುಗಾಡಿ, ಕೊರೆಯುವ ಚಳಿ. ಸಾವಿರಾರು ಜನ ಅಲ್ಲೇ ಸತ್ತರು. ರಾಡ್‌ಚೆಂಕೊ ಅಲ್ಲಿ ತೆಗೆದ ಒಂದು ಫೋಟೊದಲ್ಲಿ ಹಳ್ಳದೊಳಗೆ ಕೈದಿಗಳ ಸಾಲು, ಮೇಲೆ ವಾದ್ಯದವರು ನುಡಿಸುತ್ತಿದ್ದಾರೆ. ಸಂಚಿಕೆ ಇದನ್ನೆಲ್ಲ ಮನುಷ್ಯರನ್ನು ತಿದ್ದುವ ಕೆಲಸ ಅಂತ ಹೊಗಳಿತು. ಸತ್ತವರ ಸುದ್ದಿಯೇ ಇಲ್ಲ.

ನಮ್ಮ ಹಳೆಯ ಗ್ರಂಥಾಲಯಗಳ ಅಟ್ಟದಲ್ಲಿ ಇಂಥ ಪ್ರಚಾರ ಪತ್ರಿಕೆಗಳ ಕಟ್ಟು ಇನ್ನೂ ಇರಬಹುದು. ದಯವಿಟ್ಟು ರದ್ದಿಗೆ ಹಾಕಬೇಡಿ. ಪಕ್ಕದಲ್ಲಿ ಅಂದಿನ ನಿಜ ಬರೆದಿಟ್ಟು, ಹೈಸ್ಕೂಲ್ ಮಕ್ಕಳಿಗೆ ತೋರಿಸಿ.

– ಒಬ್ಬ ಓದುಗ, ಧಾರವಾಡ